ಬೆಳಗಿನ ಐದೂವರೆಗೆ ಒಂದು ಬಕೆಟ್ ಕಡಲು

ಬಂಗಾಳ ಕೊಲ್ಲಿಯ ನಡುವೆ ನಿಂತ ಸಂಶೋಧನಾ ಹಡಗಿನಲ್ಲಿ ಬೆಳಗಿನ ಕೆಲಸ ಶುರುವಾಗುವುದು ಒಂದು ಬಕೆಟ್ಟಿನಿಂದ. ಹಗ್ಗ ಕಟ್ಟಿದ ಬಕೆಟ್ಟನ್ನು ಡೆಕ್ಕಿನ ಕಂಬಿಯಾಚೆ ಇಳಿಬಿಟ್ಟು, ಮೇಲ್ಪದರದ ನೀರು ತುಂಬಿಸಿ, ಬೇಗಬೇಗ ಮೇಲೆಳೆದು, ಥರ್ಮಾಮೀಟರ್ ಅದ್ದಿ, ಓದು ನಿಲ್ಲುವವರೆಗೆ ಕಾಯಬೇಕು. ಬಾವಿಯಲ್ಲಿ ನೀರು ಸೇದಿ ಬೆಳೆದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಬಾವಿಕಟ್ಟೆ ಓಲಾಡುವುದಿಲ್ಲ. ಮುಂಗಾರಿನ ಕಡಲಲ್ಲಿ ಹಡಗು ಈ ಮಗ್ಗುಲಿಗೆ ವಾಲಿದರೆ ನೀರೇ ಎದ್ದುಬಂದಂತೆ ಕಾಣುತ್ತದೆ, ಆ ಮಗ್ಗುಲಿಗೆ ವಾಲಿದರೆ ಬಕೆಟ್ಟು ಗಾಳಿಯಲ್ಲಿ ತೂಗಾಡಿ ಹಡಗಿನ ಮೈಗೆ ಬಡಿಯುತ್ತದೆ. ಎಂಜಿನ್ನಿನ ಬಿಸಿನೀರು ಹೊರಬೀಳುವ ಕಿಂಡಿಯ ಹತ್ತಿರ ಮೊಗೆಯುವಂತಿಲ್ಲ. ಮೊಗೆದದ್ದನ್ನು ಬಿಸಿಲಿಗೂ ಗಾಳಿಗೂ ಇಟ್ಟು ಹರಟುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ಲಾಗ್ ಪುಸ್ತಕಕ್ಕೆ ಸೇರುವುದು ಒಂದೇ ಒಂದು ಸಂಖ್ಯೆ: 28.6 ಎಂದೋ, 29.1 ಎಂದೋ.

ಹೊತ್ತು ಐದೂವರೆಯೇ ಏಕೆ? ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿ ನಡುರಾತ್ರಿ ಸೊನ್ನೆ ಹೊಡೆಯುವಾಗ ನಮಗೆ ಬೆಳಗಿನ ಐದೂವರೆ. ಜಗತ್ತಿನ ಹವಾಮಾನ ಕೇಂದ್ರಗಳೆಲ್ಲ ನೋಡುವುದು ಗ್ರೀನಿಚ್ ಗಡಿಯಾರವನ್ನೇ. ಸೊನ್ನೆ, ಮೂರು, ಆರು, ಒಂಬತ್ತು ಎಂದು ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಬಾರಿ, ಎಲ್ಲರೂ ಒಂದೇ ಕ್ಷಣಕ್ಕೆ ಆಕಾಶ ನೋಡುತ್ತಾರೆ. ಹಡಗಿನಲ್ಲಿದ್ದವರಿಗೆ ಇದರರ್ಥ ಐದೂವರೆ, ಎಂಟೂವರೆ, ಹನ್ನೊಂದೂವರೆ, ಎರಡೂವರೆ. ಮತ್ತೆ ಅದೇ ಸರದಿ ರಾತ್ರಿಯೂ. ನಡುರಾತ್ರಿ ಕಳೆದು ಎರಡೂವರೆಗೆ ಎದ್ದು ಹೋದವರ ಓದಿಗೂ ಬೆಳಗಿನ ಓದಿಗೂ ಲಾಗ್ ಪುಸ್ತಕದಲ್ಲಿ ಒಂದೇ ಅಗಲದ ಸಾಲು.

ಮಳೆಗಾಲದ ಪತ್ರಿಕೆಗಳಲ್ಲಿ ನಾವು ಓದಿ ಓದಿ ಸವೆಸಿದ ವಾಕ್ಯವೊಂದಿದೆ: ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’. ಆ ಕುಸಿತ ಒಡಿಶಾ, ಆಂಧ್ರದ ಕಡೆಯಿಂದ ಒಳನುಗ್ಗಿದಾಗ ಬೀದರ್, ಕಲಬುರಗಿಯಲ್ಲಿ ಮಳೆಯಾಗುತ್ತದೆ. ಪಶ್ಚಿಮದ ಗಾಳಿಗೆ ಬಲ ಬಂದು ಕರಾವಳಿ, ಮಲೆನಾಡಿನಲ್ಲೂ ಸುರಿಯುತ್ತದೆ. ಆ ಕೊಲ್ಲಿಯ ನೀರಿನಲ್ಲಿ, ಅದರ ಮೇಲಿನ ಗಾಳಿಯಲ್ಲಿ ಏನು ನಡೆಯುತ್ತಿದೆ ಎಂದು ಅಲ್ಲೇ ಹೋಗಿ ನಿಂತು ನೋಡಿದವರ ಕತೆ ಮಾತ್ರ ಪತ್ರಿಕೆಗೆ ಬಂದದ್ದು ಕಡಿಮೆ.

ಪುಷ್ಯ ಮಳೆಯ ದಿನಗಳಲ್ಲಿ

1999ರ ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ, ಅಂದರೆ ಇಲ್ಲಿ ಪುನರ್ವಸು ಮುಗಿಯುವ ಹೊತ್ತಿನಿಂದ ಮಘೆ ಮಳೆ ಮುಗಿಯುವವರೆಗೆ, ಭಾರತದ ಎರಡು ಹಡಗುಗಳು ಬಂಗಾಳ ಕೊಲ್ಲಿಯಲ್ಲಿ ಠಿಕಾಣಿ ಹೂಡಿದ್ದವು. ಒಂದು, 1983ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಕಟ್ಟಿದ, ನೂರು ಮೀಟರ್ ಉದ್ದದ ‘ಸಾಗರ ಕನ್ಯಾ’. ಇನ್ನೊಂದು, ಕೊಚ್ಚಿಯ ನೌಕಾ ಪ್ರಯೋಗಾಲಯದ ‘ಸಾಗರಧ್ವನಿ’. ಯೋಜನೆಯ ಹೆಸರು ಬಾಬ್‌ಮೆಕ್ಸ್, ಬಂಗಾಳ ಕೊಲ್ಲಿ ಮುಂಗಾರು ಪ್ರಯೋಗ. ಅದರ ಫಲಿತಾಂಶವನ್ನು 2001ರಲ್ಲಿ ಜಗತ್ತಿನ ಮುಂದಿಟ್ಟ ಪ್ರಬಂಧದ ಮೊದಲ ಹೆಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಅವರದು.

ಈ ಪ್ರಯೋಗದ ವಿಶೇಷವೆಂದರೆ ಹಡಗುಗಳು ಎಲ್ಲಿಗೂ ಹೋಗದೆ ನಿಂತದ್ದು. ಸಾಗರ ಕನ್ಯಾ ಉತ್ತರ ಅಕ್ಷಾಂಶ ಹದಿನೇಳೂವರೆ, ಪೂರ್ವ ರೇಖಾಂಶ 89 ಡಿಗ್ರಿಯಲ್ಲಿ ನಿಂತಿತು. ಕೆಳಗೆ ಸಾವಿರಾರು ಮೀಟರ್ ಆಳ. ಲಂಗರು ಹಾಕುವ ಮಾತೇ ಇಲ್ಲ. ಇಂಥ ಕಡೆ ಹಡಗು ಗಾಳಿಗೆ ಮೂತಿಯೊಡ್ಡಿ ನಿಲ್ಲುತ್ತದೆ, ಪ್ರವಾಹಕ್ಕೆ ಸಿಕ್ಕಿ ಜರುಗುತ್ತದೆ, ಮತ್ತೆ ಮೆಲ್ಲಗೆ ತನ್ನ ಜಾಗಕ್ಕೆ ಮರಳುತ್ತದೆ. ಮೂತಿಯೊಡ್ಡುವುದಕ್ಕೂ ಕಾರಣವಿದೆ. ಹಡಗೆಂದರೆ ಬಿಸಿಲಿಗೆ ಕಾದ ಉಕ್ಕಿನ ಗುಡ್ಡ. ಹಿಂದಿನಿಂದ ಗಾಳಿ ಬೀಸಿದರೆ ಮುಂಗಂಬದ ಮೇಲಿನ ಥರ್ಮಾಮೀಟರ್ ತೋರಿಸುವುದು ಕಡಲ ಗಾಳಿಯ ಬಿಸಿಯನ್ನಲ್ಲ, ಡೆಕ್ಕಿನ ಬಿಸಿಯನ್ನು.

ನಿಂತದ್ದಕ್ಕೆ ಫಲ ಸಿಕ್ಕಿತು. ಜುಲೈ ಕೊನೆಗೆ, ಇಲ್ಲಿ ಪುಷ್ಯ ಮಳೆ ಹುಯ್ಯುತ್ತಿದ್ದ ದಿನಗಳಲ್ಲಿ, ಹಡಗಿನ ಕೆಳಗಿನ ನೀರು ಬದಲಾಗತೊಡಗಿತು. ಮೊದಲು ಮೇಲಿನ ಮೂವತ್ತು ಮೀಟರ್ ನೀರು ಬಿಸಿಯಲ್ಲೂ ಉಪ್ಪಿನಲ್ಲೂ ಒಂದೇ ಸಮನಾಗಿತ್ತು. ಅಲ್ಲಿಗೆ ಸಿಹಿನೀರಿನ ದೊಡ್ಡದೊಂದು ಹರವು ತೇಲಿಬಂತು. ಸುಮಾರು ಒಂದು ವಾರದೊಳಗೆ ಮೇಲ್ಪದರದ ಲವಣಾಂಶ ನಾಲ್ಕರಷ್ಟು ಕುಸಿಯಿತು. ಅಂದರೆ ಒಂದು ಕಿಲೋ ನೀರಿನಲ್ಲಿ ಉಪ್ಪು ಸುಮಾರು ನಾಲ್ಕು ಗ್ರಾಂ ಕಡಿಮೆ. ಗಂಗೆ, ಬ್ರಹ್ಮಪುತ್ರ, ಐರಾವತಿಯಂಥ ನದಿಗಳ ನೀರೂ ಮಳೆಯ ನೀರೂ ಸೇರಿಕೊಳ್ಳುವ ಈ ಕೊಲ್ಲಿಯಲ್ಲಿ ಸಿಹಿನೀರು ಹೀಗೆ ನಡುಗಡಲವರೆಗೂ ಬರುತ್ತದೆ.

ಬಂದರೇನಾಯಿತು? ಸಿಹಿನೀರು ಹಗುರ. ಹಾಲಿನ ಮೇಲೆ ಕೆನೆ ನಿಂತಂತೆ ಉಪ್ಪುನೀರಿನ ಮೇಲೆ ಅದು ತೆಳ್ಳಗೆ ಹರಡಿ ನಿಲ್ಲುತ್ತದೆ. ಅದರ ಕೆಳಗೆ ಉಪ್ಪು ಹೆಚ್ಚಿರುವ, ಆದರೆ ಅಷ್ಟೇ ಬೆಚ್ಚಗಿರುವ ಇನ್ನೊಂದು ಪದರ ಉಳಿಯುತ್ತದೆ. ಇದಕ್ಕೆ ತಡೆಪದರ ಎನ್ನಬಹುದು. ಬೇರೆ ಕಡಲುಗಳಲ್ಲಿ ಗಾಳಿ ಜೋರಾಗಿ ಬೀಸಿದರೆ ಆಳದ ತಣ್ಣೀರು ಮೇಲೆ ಬೆರೆತು ಕಡಲು ತಂಪಾಗುತ್ತದೆ. ಇಲ್ಲಿ ಗಾಳಿ ಎಷ್ಟು ಕಲಕಿದರೂ ಮೇಲೆ ಬರುವುದು ಬೆಚ್ಚಗಿನ ನೀರೇ. ಮಳೆಯ ಮೇಲೆ ಮಳೆ ಬಿದ್ದರೂ ಬಂಗಾಳ ಕೊಲ್ಲಿಯ ಉತ್ತರಭಾಗ 28 ಡಿಗ್ರಿಯ ಮೇಲೆಯೇ ಉಳಿಯುವುದರ ಗುಟ್ಟುಗಳಲ್ಲಿ ಇದೂ ಒಂದು.

ಆ 28ಕ್ಕೆ ಒಂದು ತೂಕವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಇಬ್ಬರು ಸಹಲೇಖಕರೊಂದಿಗೆ 1984ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಕಡಲ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದ ಮೇಲೆ ದಟ್ಟ ಮಳೆಮೋಡ ಕಟ್ಟುವ ಸಂಭವ ಹೆಚ್ಚುತ್ತದೆ. ದಾಟಿದ ಮಾತ್ರಕ್ಕೆ ಮಳೆ ಖಚಿತವಲ್ಲ. ದಾಟದಿದ್ದರೆ ಮಾತ್ರ ಕಷ್ಟ. ಹೊಸ್ತಿಲು ಇಷ್ಟು ಸೂಕ್ಷ್ಮವಾಗಿರುವಾಗ ಬಕೆಟ್ಟಿನ ಥರ್ಮಾಮೀಟರನ್ನು ಅರ್ಧ ಡಿಗ್ರಿ ತಪ್ಪಾಗಿ ಓದಿದವರು ಮಳೆಯ ಲೆಕ್ಕವನ್ನೇ ತಪ್ಪಿಸಿದಂತೆ.

ಮೂವತ್ತು ನಲವತ್ತರ ಸೈಟಿನಷ್ಟು ಕಡಲು

ಹಡಗಿನ ದಿನಚರಿಯಲ್ಲಿ ನೀರಿನ ಬಿಸಿಯ ಜೊತೆಗೆ ಗಾಳಿಯ ಬಿಸಿ, ತೇವ, ಒತ್ತಡ, ವೇಗ, ದಿಕ್ಕು, ಮೋಡ, ಅಲೆ ಎಲ್ಲವೂ ಬರುತ್ತವೆ. ತೇವ ಅಳೆಯಲು ಹಳೆಯ ಉಪಾಯ ಜೋಡಿ ಥರ್ಮಾಮೀಟರ್: ಒಂದು ಒಣ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಗಾಳಿ ಒಣಗಿದ್ದಷ್ಟೂ ಒದ್ದೆ ಬಟ್ಟೆಯದು ತಣ್ಣಗಾಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವ ಲೆಕ್ಕವೇ.

ಗಾಳಿಯನ್ನು ಅಳೆಯುವುದರಲ್ಲಿ ಹಡಗು ಮೋಸ ಮಾಡುತ್ತದೆ. ಹಡಗು ಪೂರ್ವಕ್ಕೆ ಹತ್ತು ನಾಟ್ ವೇಗದಲ್ಲಿ ಹೋಗುತ್ತಿದ್ದು, ಪಶ್ಚಿಮದಿಂದ ಗಾಳಿಯೂ ಅಷ್ಟೇ ವೇಗದಲ್ಲಿ ಬೀಸಿದರೆ ಡೆಕ್ಕಿನ ಮೇಲೆ ಎಲೆಯೂ ಅಲುಗದು. ಚಿಮಣಿಯ ಹೊಗೆ ನೆಟ್ಟಗೆ ಏರುತ್ತದೆ. ಬೈಕ್ ಓಡಿಸುವಾಗ ಗಾಳಿಯೇ ಇಲ್ಲದ ದಿನವೂ ಮುಖಕ್ಕೆ ಗಾಳಿ ಹೊಡೆಯುವುದರ ತಿರುವುಮುರುವು. ಹೀಗಾಗಿ ಮೀಟರ್ ತೋರಿಸಿದ ಗಾಳಿಯಿಂದ ಹಡಗಿನ ಓಟವನ್ನು ಕಳೆದೇ ನಿಜವಾದ ಗಾಳಿಯನ್ನು ಬರೆಯಬೇಕು. ಕಣ್ಣಂದಾಜಿಗೂ ಒಂದು ಅಳತೆಗೋಲಿದೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಮಾಡಿಟ್ಟ, ಸೊನ್ನೆಯಿಂದ ಹನ್ನೆರಡರವರೆಗಿನ ಮಾಪಕವದು. ಇಂದಿನ ರೂಪದಲ್ಲಿ ಅದು ನೀರನ್ನು ನೋಡಿಯೇ ಗಾಳಿ ಹೇಳುತ್ತದೆ. ಕನ್ನಡಿಯಂತಿದ್ದರೆ ಸೊನ್ನೆ; ಬಿಳಿ ನೊರೆ ಅಲ್ಲಲ್ಲಿ ಒಡೆಯುತ್ತಾ ಹೆಚ್ಚತೊಡಗಿದರೆ ನಾಲ್ಕು; ನೊರೆ ಎಳೆಎಳೆಯಾಗಿ ಗಾಳಿಯ ದಿಕ್ಕಿಗೆ ಹಾಸಿಕೊಂಡರೆ ಎಂಟು.

ಇಷ್ಟೆಲ್ಲ ಅಳೆಯುವುದು ಕಡಲಿನಿಂದ ಎಷ್ಟು ನೀರು ಆವಿಯಾಗಿ ಮೇಲೇರಿತು ಎಂಬ ಲೆಕ್ಕಕ್ಕೆ. ನೀರಿನ ಬಿಸಿ, ಗಾಳಿಯ ತೇವ, ಗಾಳಿಯ ವೇಗ ಈ ಮೂರು ಗೊತ್ತಾದರೆ ಆವಿಯ ಅಂದಾಜು ಸಿಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಶಕ್ತಿ ಬೇಕು. ದಿನಕ್ಕೆ ನಾಲ್ಕು ಮಿಲಿಮೀಟರ್ ನೀರು ಆವಿಯಾಯಿತು ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ನಾಲ್ಕು ಲೀಟರ್. ನಮ್ಮೂರ ಮೂವತ್ತು ನಲವತ್ತರ ಸೈಟಿನಷ್ಟು ಕಡಲಿನಿಂದ ಒಂದೇ ದಿನದಲ್ಲಿ ಹೆಚ್ಚುಕಡಿಮೆ 300 ಯೂನಿಟ್ ಶಕ್ತಿ ಆವಿಯೊಳಗೆ ಅಡಗಿ ಮೇಲೆ ಹೋಯಿತು. ಆ ಆವಿ ಮತ್ತೆ ಹನಿಯಾಗುವಾಗ ಅಷ್ಟೂ ಬಿಸಿಯನ್ನು ಮೋಡದೊಳಗೆ ಬಿಟ್ಟುಕೊಡುತ್ತದೆ. ವಾಯುಭಾರ ಕುಸಿತಕ್ಕೆ ಉರುವಲು ಇದೇ. ಇಡೀ ಕೊಲ್ಲಿಯಲ್ಲಿ ಇಂಥ ಸೈಟುಗಳು ಎಷ್ಟು ಕೋಟಿಯೋ ಲೆಕ್ಕ ಹಾಕಿಕೊಳ್ಳಿ.

ಮೇಲಕ್ಕೊಂದು ಬಲೂನು, ಕೆಳಕ್ಕೊಂದು ಚೌಕಟ್ಟು

ಮೇಲ್ಮೈಯ ಲೆಕ್ಕ ಮುಗಿಯುವ ಹೊತ್ತಿಗೆ ಹಿಂದಿನ ಡೆಕ್ಕಿನಲ್ಲಿ ಬಲೂನು ಉಬ್ಬುತ್ತಿರುತ್ತದೆ. ಒಳಗೆ ಹೀಲಿಯಂ, ಹಡಗಿನಲ್ಲಿ ಬೆಂಕಿಯ ಭಯವಿರುವುದರಿಂದ ಹೈಡ್ರೋಜನ್ನಿಗಿಂತ ಇದೇ ಕ್ಷೇಮ. ತುದಿಯಲ್ಲಿ ರೇಡಿಯೋಸಾಂಡ್ ಎಂಬ ಅಂಗೈಯಗಲದ ಪೊಟ್ಟಣ: ಒತ್ತಡ, ಬಿಸಿ, ತೇವ ಅಳೆದು ರೇಡಿಯೋ ಮೂಲಕ ಹೇಳುತ್ತಾ ಹೋಗುವ ಸಾಧನ. ಹಡಗಿನ ಕಂಬ, ತಂತಿ, ಕ್ರೇನುಗಳಿಗೆ ಸಿಕ್ಕಿಕೊಳ್ಳದಂತೆ ಗಾಳಿಯ ಸುಳಿ ನೋಡಿ ಬಿಡಬೇಕು. ಕೈಬಿಟ್ಟ ಮೊದಲ ಹತ್ತು ಸೆಕೆಂಡು ಎಲ್ಲರ ಕತ್ತೂ ಮೇಲೆ. ಆಮೇಲೆ ಅದು ಸೆಕೆಂಡಿಗೆ ಐದು ಮೀಟರಿನಂತೆ ಏರುತ್ತದೆ. ಹೊರಗಿನ ಒತ್ತಡ ಇಳಿದಂತೆ ಉಬ್ಬುತ್ತಾ ಹೋಗಿ ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಒಡೆಯುತ್ತದೆ. ಅದೇ ಬೆಳಗಿನ ಐದೂವರೆಯ ಸರದಿಗೆ ದೇಶದ ಹಲವು ಕೇಂದ್ರಗಳಲ್ಲೂ ಬಲೂನು ಏರುತ್ತಿರುತ್ತದೆ. ನೆಲದ ಮೇಲೆ ಅದು ನಿತ್ಯದ ಕೆಲಸ. ಕಡಲ ಮೇಲೆ ಹಡಗು ಹೋದಾಗ ಮಾತ್ರ ಆಗುವ ಕೆಲಸ.

ಇತ್ತ ವಿಂಚಿನ ಕೇಬಲ್ಲಿಗೆ ಜೋತುಬಿದ್ದು ಒಂದು ಉಕ್ಕಿನ ಚೌಕಟ್ಟು ನೀರಿಗಿಳಿಯುತ್ತದೆ. ಸಿಟಿಡಿ ಎಂದೇ ಎಲ್ಲರೂ ಕರೆಯುವ ಇದು ನೀರಿನ ವಿದ್ಯುದ್ವಾಹಕತೆ, ಬಿಸಿ, ಆಳ ಮೂರನ್ನೂ ಅಳೆಯುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಮೊದಲನೆಯದರಿಂದ ಲವಣಾಂಶ ಸಿಗುತ್ತದೆ. ಸುತ್ತಲೂ ಎರಡೂ ಬಾಯಿ ತೆರೆದ ಉದ್ದನೆಯ ಬಾಟಲಿಗಳ ಸಾಲು. ನಿಮಿಷಕ್ಕೆ ಅರವತ್ತು ಮೀಟರಿನಂತೆ ಇಳಿದರೂ ಸಾವಿರ ಮೀಟರ್ ಮುಟ್ಟಲು ಕಾಲು ಗಂಟೆಗೂ ಮಿಕ್ಕು ಬೇಕು. ಮೇಲೆ 29 ಡಿಗ್ರಿ ಇದ್ದದ್ದು ಅಲ್ಲಿ ಆರೇಳು ಡಿಗ್ರಿ. ಮೇಲೇರುವಾಗ ಬೇಕಾದ ಆಳದಲ್ಲಿ ಒಂದೊಂದೇ ಬಾಟಲಿಯ ಬಾಯಿ ಮುಚ್ಚಿಸುತ್ತಾರೆ.

ಚೌಕಟ್ಟು ಡೆಕ್ಕಿಗೆ ಬಂದೊಡನೆ ನೀರಿಗೆ ಸರದಿ ಶುರು. ಸರದಿಗೂ ನಿಯಮವಿದೆ. ಆಮ್ಲಜನಕ ಅಳೆಯುವವರಿಗೆ ಮೊದಲ ನೀರು, ಏಕೆಂದರೆ ಹೊರಗಿನ ಗಾಳಿ ತಾಗಿದರೆ ಲೆಕ್ಕ ಕೆಡುತ್ತದೆ. ಲವಣಾಂಶದವರಿಗೆ ಕೊನೆ, ಅದು ಕಾಯಬಲ್ಲದು. ಆಮ್ಲಜನಕದ ಪರೀಕ್ಷೆ 1888ರಲ್ಲಿ ವಿಂಕ್ಲರ್ ಕಂಡುಕೊಂಡದ್ದು: ರಾಸಾಯನಿಕ ಸೇರಿಸಿದೊಡನೆ ಕಂದು ಬಣ್ಣದ ಮಡ್ಡಿ, ಕೊನೆಗೆ ಗಂಜಿ ಹಾಕಿದಾಗ ನೀಲಿ, ಥಯೋಸಲ್ಫೇಟ್ ಹನಿಹನಿ ಬಿಟ್ಟಾಗ ನೀಲಿ ಮಾಯ. ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್ ಮಾಡಿದವರಿಗೆಲ್ಲ ಗೊತ್ತಿರುವ ಆಟ. ವ್ಯತ್ಯಾಸವೆಂದರೆ ಇಲ್ಲಿ ಬ್ಯುರೆಟ್ಟೂ ಓಲಾಡುತ್ತದೆ, ಓದುವವರೂ ಓಲಾಡುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಕೆಲವು ನೂರು ಮೀಟರ್ ಆಳಕ್ಕೆ ಹೋದರೆ ಆ ನೀಲಿ ಕಾಣುವುದೇ ಅಪರೂಪ. ಅಲ್ಲಿ ಆಮ್ಲಜನಕ ಅಷ್ಟು ಕಡಿಮೆ.

ಮಳೆ ಬಾರದ ಹತ್ತು ದಿನ

2016ರಲ್ಲಿ ಇನ್ನೊಂದು ತಂಡ ಹೊರಟಿತು. ಬೆಂಗಳೂರಿನ ಪಿ.ಎನ್. ವಿನಯಚಂದ್ರನ್ ಮತ್ತು ಬ್ರಿಟನ್ನಿನ ಏಡ್ರಿಯನ್ ಮ್ಯಾಥ್ಯೂಸ್ ಮುಂದಾಳತ್ವದ ಬಾಬಲ್ ಯೋಜನೆಯದು; ಹಡಗು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ‘ಸಿಂಧು ಸಾಧನಾ’. 1999ರ ಸಿಹಿನೀರಿನ ಕತೆಯನ್ನು ಬಿಡಿಸಿ ಬರೆದಿದ್ದವರೂ ಇದೇ ವಿನಯಚಂದ್ರನ್. ಈ ಸಲ ಹಡಗು ಕೊಲ್ಲಿಯ ದಕ್ಷಿಣಕ್ಕೆ, ಶ್ರೀಲಂಕಾದ ಪೂರ್ವಕ್ಕೆ, ಎಂಟು ಡಿಗ್ರಿ ಅಕ್ಷಾಂಶದ ಗುಂಟ ಸಾಗಿ, 89 ಡಿಗ್ರಿ ರೇಖಾಂಶದಲ್ಲಿ ಜುಲೈ ತಿಂಗಳ ಹತ್ತು ದಿನ ಒಂದೇ ಜಾಗದಲ್ಲಿ ನಿಂತಿತು. ನೀರೊಳಗೆ ತಾವೇ ಈಜಿ ಅಳೆಯುವ ಐದು ಗ್ಲೈಡರುಗಳೂ ಜೊತೆಗಿದ್ದವು.

ಮುಂಗಾರು ನೋಡಲು ಹೋದವರಿಗೆ ಅಲ್ಲಿ ಸಿಕ್ಕಿದ್ದು ಮುಂಗಾರಿನ ಬಿಡುವು. ಆ ಭಾಗದಲ್ಲಿ ಮೋಡ ವಿರಳ, ಮಳೆ ದೂರ. ಮಳೆಗಾಗಿ ಹೋಗಿ ಬಿಸಿಲು ಕಾಯಿಸಿಕೊಂಡಂತಾಯಿತೇ ಎಂದರೆ, ಇಲ್ಲ. ಮಳೆ ಬೀಳುವ ದಿನದಷ್ಟೇ ಮಳೆಗೆ ಮುಂಚಿನ ದಿನಗಳೂ ಮುಖ್ಯ. ಗಾಳಿ ತಗ್ಗಿದ ಬಿಸಿಲಿನಲ್ಲಿ ಕಡಲ ಮೇಲ್ಪದರ ಹೇಗೆ ದಿನದಿನಕ್ಕೆ ಕಾಯುತ್ತದೆ, ಮೇಲಿನ ಗಾಳಿ ಹೇಗೆ ಮೆಲ್ಲಗೆ ಮಳೆಮೋಡಕ್ಕೆ ಹದವಾಗುತ್ತದೆ ಎನ್ನುವುದು ಅಲ್ಲಿ ಮೂಡಿಬಂತು. ಸಿಹಿನೀರು ಎರಡು ಬಾರಿ ಹರಿದುಬಂದು ದಪ್ಪನೆಯ ತಡೆಪದರ ಕಟ್ಟಿದ್ದೂ ದಾಖಲಾಯಿತು. ಉಳುಮೆ ನೋಡದೆ ಸುಗ್ಗಿಯನ್ನಷ್ಟೇ ನೋಡಿದವರು ಬೇಸಾಯ ಕಲಿತದ್ದುಂಟೇ?

ಉಪಗ್ರಹಗಳಿರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಉಪಗ್ರಹ ಕಾಣುವುದು ಕಡಲ ತೊಗಲನ್ನು ಮಾತ್ರ. ಇನ್ಫ್ರಾರೆಡ್ ಕಣ್ಣಿನದಾದರೆ ಮೋಡ ಮುಸುಕಿದಾಗ ಅದೂ ಕಾಣದು. ಜಗತ್ತಿನ ಕಡಲುಗಳಲ್ಲಿ ತೇಲುವ ನಾಲ್ಕು ಸಾವಿರದಷ್ಟು ಆರ್ಗೋ ತೇಲುಯಂತ್ರಗಳು ಎರಡು ಸಾವಿರ ಮೀಟರ್ ಆಳದವರೆಗೆ ಅಳೆದು ಬರುತ್ತವೆ, ಆದರೆ ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ. 1999ರ ಸಿಹಿನೀರಿನ ಕತೆ ಒಂದೇ ವಾರದ್ದು. ಯಂತ್ರ ಒಮ್ಮೆ ಮುಳುಗಿ ಏಳುವಷ್ಟರಲ್ಲಿ ಅದು ಮುಗಿದಿರುತ್ತಿತ್ತು.

ಬಕೆಟ್ಟು ಮಾಡಿದ ಎಡವಟ್ಟು

ಹಡಗಿನ ಲಾಗ್ ಪುಸ್ತಕದ ಋಣ ಹಳೆಯದು. ‘ಸೈಕ್ಲೋನ್’ ಎಂಬ ಮಾತು ಹುಟ್ಟಿದ್ದೇ ಬಂಗಾಳ ಕೊಲ್ಲಿಯ ಲಾಗ್ ಪುಸ್ತಕಗಳಿಂದ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಬಿರುಗಾಳಿಗೆ ಸಿಕ್ಕಿ ಪಾರಾದ ಹಡಗುಗಳ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ. ಗಾಳಿ ಸುತ್ತಿ ಸುತ್ತಿ ಬೀಸುವುದು ಕಂಡಿತು. ಸುರುಳಿಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಪದದಿಂದ ಆತ ಕಟ್ಟಿದ ಹೆಸರು 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಅಚ್ಚಾಯಿತು. ಐದು ವರ್ಷಗಳ ನಂತರ ಬ್ರಸೆಲ್ಸ್‌ನಲ್ಲಿ ಹಲವು ದೇಶಗಳು ಸಭೆ ಸೇರಿ, ಹಡಗುಗಳು ಹವಾಮಾನವನ್ನು ಒಂದೇ ಮಾದರಿಯಲ್ಲಿ ಬರೆಯಬೇಕೆಂದು ಒಪ್ಪಿದವು.

ಮಾದರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1945 ಸಾಕ್ಷಿ. ಜಗತ್ತಿನ ಸರಾಸರಿ ಉಷ್ಣಾಂಶದ ದಾಖಲೆಯಲ್ಲಿ ಆ ವರ್ಷದ ಆಗಸ್ಟ್ ಆಸುಪಾಸಿನಲ್ಲಿ ಸುಮಾರು 0.3 ಡಿಗ್ರಿಯ ಹಠಾತ್ ಇಳಿತವಿತ್ತು. ಕಡಲು ಒಮ್ಮೆಲೇ ತಣ್ಣಗಾಯಿತೇ? 2008ರಲ್ಲಿ ವಿಜ್ಞಾನಿಗಳು ಕಾರಣ ಬಿಡಿಸಿಟ್ಟರು. ಯುದ್ಧಕಾಲದಲ್ಲಿ ಹೆಚ್ಚಿನ ಅಳತೆಗಳು ಬಂದದ್ದು ಅಮೆರಿಕದ ಹಡಗುಗಳಿಂದ. ಅವು ಎಂಜಿನ್ ಕೋಣೆಗೆ ಹೀರಿಕೊಳ್ಳುವ ನೀರನ್ನು ಅಳೆಯುತ್ತಿದ್ದವು, ಅದು ಸ್ವಲ್ಪ ಬೆಚ್ಚಗೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಹಡಗುಗಳ ಬಕೆಟ್ಟು ಅಳತೆಗಳು ಮತ್ತೆ ಹೆಚ್ಚಿದವು. ಬಕೆಟ್ಟಿನ ನೀರು ಆವಿಯಾಗುತ್ತಾ ಸ್ವಲ್ಪ ತಣ್ಣಗಾಗುತ್ತದೆ. ತಣ್ಣಗಾದದ್ದು ಕಡಲಲ್ಲ, ಬಕೆಟ್ಟು. ಸಂಖ್ಯೆಯಷ್ಟನ್ನೇ ಬರೆದು ಅದನ್ನು ಪಡೆದ ಬಗೆಯನ್ನು ಬಿಟ್ಟರೆ ಅರವತ್ತು ವರ್ಷದ ಮೇಲೂ ಯಾರಾದರೂ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಡಗಿನಿಂದ ದಡಕ್ಕೆ ಹೋಗುವ ಹವಾಮಾನ ವರದಿ ಅಂಕಿಗಳ ಸಂಕೇತದಲ್ಲಿರುತ್ತದೆ. ಆಕಾಶವನ್ನು ಎಂಟು ಪಾಲು ಮಾಡಿ, ಮೋಡ ಎಷ್ಟು ಪಾಲು ಮುಚ್ಚಿದೆ ಎಂದು ಸೊನ್ನೆಯಿಂದ ಎಂಟರವರೆಗೆ ಬರೆಯುತ್ತಾರೆ. ಮಂಜು ಕವಿದು ಆಕಾಶವೇ ಕಾಣದಿದ್ದರೆ ಒಂಬತ್ತು. ನೋಡಲು ಆಗದೇ ಹೋದರೆ, ಅಥವಾ ಆ ಹೊತ್ತಿಗೆ ಯಾರೂ ನೋಡದಿದ್ದರೆ, ಅಂಕಿಯ ಜಾಗದಲ್ಲಿ ಒಂದು ಓರೆಗೆರೆ. ಹಿಂದಿನ ಓದನ್ನು ನಕಲು ಮಾಡುವಂತಿಲ್ಲ, ಮುಂದಿನದನ್ನು ಊಹಿಸುವಂತಿಲ್ಲ. ರಾತ್ರಿ ಎರಡೂವರೆಗೆ ಎಚ್ಚರವಾಗದೆ ಹೋದವರು ಬೆಳಿಗ್ಗೆ ಎದ್ದು ಮಾಡಬೇಕಾದ್ದು ಇಷ್ಟೇ: ಆ ಸಾಲಿನಲ್ಲಿ ಗೆರೆ ಎಳೆದು, ಐದೂವರೆಗೆ ಬಕೆಟ್ಟು ಇಳಿಬಿಡುವುದು.